ಸಾವು-ನೋವು ಸಂಭವಿಸಿಲ್ಲ

ಪೀಣ್ಯ, ಬೆಂಗಳೂರು
3 ಜೂನ್ 2024

ಅಮ್ಮಣ್ಣಿ ಮೇಡಂ ಅವರಿಗೆ ವಾದಿರಾಜ ಮಾಡುವ ನಮಸ್ಕಾರಗಳು.

ಫೋನ್ ಮಾಡಿದರೆ ನೀವು ಎತ್ತುವುದಿಲ್ಲ, ಎತ್ತಿದರೆ ಕೇಳಿಸುವುದಿಲ್ಲ, ಕೇಳಿಸಿದರೆ ಒಪ್ಪುವುದಿಲ್ಲ. ಅದಕ್ಕೇ ಕಾಗದ. ಬಳ್ಳಾರಿಯ ಬಿಸಿಲು ನಿಮ್ಮ ಸಿಟ್ಟಿಗಿಂತ ಹೆಚ್ಚೋ ಕಡಿಮೆಯೋ? ನಿಮ್ಮ ತಂಗಿಯ ಮಗಳು ಸುಕೃತಿ ಕಿವಿಗೆ ಮೆಷಿನ್ನು ಕೊಡಿಸಿದಳಂತೆ, ನೀವು ಅದನ್ನು ಡಬ್ಬಿಯಲ್ಲೇ ಇಟ್ಟಿದ್ದೀರಂತೆ.

ನಾನು ಪತ್ರಿಕೆ ಬಿಟ್ಟೆ. ಹೀಗೆ ಬರೆದರೆ ನೀವು ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ, 'ಯಾರು ಯಾರನ್ನು?' ಎಂದು ಬದಿಯಲ್ಲಿ ಬರೆಯುತ್ತೀರಿ. ಸರಿ, ಪತ್ರಿಕೆ ನನ್ನನ್ನು ಬಿಟ್ಟಿತು. ಕೈಗಾರಿಕಾ ಪುಟ ನಿಲ್ಲಿಸಿದರು, ಪುಟದ ಜೊತೆಗೆ ಪುಟದವನನ್ನೂ ಮಡಚಿಟ್ಟರು. ಈಗ ಪೀಣ್ಯದಲ್ಲಿ, ವಾಹನಗಳ ಬಿಡಿಭಾಗಕ್ಕೆ ಲೋಹದ ಲೇಪ ಕೊಡುವ ಒಂದು ಕಂಪನಿಯಲ್ಲಿ ಪತ್ರಿಕಾ ಅಧಿಕಾರಿಯಾಗಿದ್ದೇನೆ. ಇಷ್ಟು ವರ್ಷ ಇದೇ ರಸ್ತೆಗಳಲ್ಲಿ ಗೇಟಿನ ಹೊರಗೆ ನಿಂತು 'ಸಾರ್, ಒಂದು ನಿಮಿಷ' ಅಂದವನು ಈಗ ಗೇಟಿನ ಒಳಗೆ ನಿಂತು 'ಒಂದು ನಿಮಿಷ ಇರಿ' ಅನ್ನುತ್ತೇನೆ. ಕ್ಯಾಂಟೀನಿನ ಪಕ್ಕ ನನ್ನ ಕೋಣೆ. ಬೆಳಗ್ಗೆ ಚಿತ್ರಾನ್ನದ ಒಗ್ಗರಣೆ ವಾಸನೆ, ಮಧ್ಯಾಹ್ನದ ಮೇಲೆ ಆಸಿಡ್ ವಾಸನೆ.

ಒಂದು ಸಂತೋಷ ಹೇಳಲೇ? ಹೋದ ವಾರ ನಾನು ಕಳಿಸಿದ ಪ್ರಕಟಣೆ ನಮ್ಮ ಹಳೆಯ ಪತ್ರಿಕೆಯಲ್ಲಿ ಒಂದಕ್ಷರವೂ ಬದಲಾಗದೆ ಅಚ್ಚಾಯಿತು. ನನ್ನ ಕೈಕೆಳಗೆ ಕೆಲಸ ಕಲಿತ ನಂದೀಶ್ ಈಗ ಪೀಣ್ಯದ ವರದಿಗಾರ, ಅವನೇ ಹಾಕಿದ್ದು. ನಿಮ್ಮ ಕಾಲದಲ್ಲಿ ನನಗೆ ಈ ಭಾಗ್ಯ ಒಮ್ಮೆಯೂ ಸಿಗಲಿಲ್ಲ.

ನಿಮ್ಮ,
ವಾದಿರಾಜ


ಬಳ್ಳಾರಿ
14 ಜೂನ್ 2024

ವಾದಿ,

ಒಂದಕ್ಷರವೂ ಬದಲಾಗದೆ ಅಚ್ಚಾಯಿತು ಎಂದರೆ ನೀನು ಚೆನ್ನಾಗಿ ಬರೆದೆ ಎಂದಲ್ಲ ಕಣೋ, ಡೆಸ್ಕಿನಲ್ಲಿ ಯಾರೂ ಓದಲಿಲ್ಲ ಎಂದು. ನಾನು ಮುಖ್ಯ ಉಪಸಂಪಾದಕಿಯಾಗಿದ್ದಷ್ಟು ದಿನ ನಿನ್ನ ಕಾಪಿ ಗಾಯವಿಲ್ಲದೆ ನನ್ನ ಮೇಜು ದಾಟಿದ್ದಿಲ್ಲ. ಅದನ್ನೇ ನೀನು ಭಾಗ್ಯವಿಲ್ಲ ಅನ್ನುತ್ತೀಯ. ಆಗಲಿ.

ಹೊಟ್ಟೆಪಾಡು, ತಪ್ಪೇನಿಲ್ಲ. ಮಗಳ ಓದಿದೆ, ಜಾಲಹಳ್ಳಿಯ ಮನೆಯಲ್ಲಿ ನಿನ್ನ ತಾಯಿ ಇದ್ದಾರೆ. ಆದರೆ ಒಂದು ಮಾತು. ಸುದ್ದಿಗಾರರಿಗೆ ಬಾಯಿಪಾಠವಾದ ಜೋಡಿ ಪದಗಳಿರುತ್ತವೆ. ಕುಂದು-ಕೊರತೆ, ನೀತಿ-ನಿಯಮ, ಆಸ್ತಿ-ಪಾಸ್ತಿ. 'ಆಸ್ತಿ ಗೊತ್ತು, ಪಾಸ್ತಿ ಎಂದರೇನು?' ಎಂದು ನಾನು ಕೇಳಿದ್ದಕ್ಕೆ ನೀನು ತಲೆ ಕೆರೆದುಕೊಂಡಿದ್ದೆ. ಜೋಡಿ ಪದ ಎಂದರೆ ಜೋಡಿ ಕಳ್ಳರಿದ್ದ ಹಾಗೆ. ಒಬ್ಬ ಮಾತಾಡಿಸುತ್ತಿರುತ್ತಾನೆ, ಇನ್ನೊಬ್ಬ ಜೇಬಿಗೆ ಕೈ ಹಾಕುತ್ತಾನೆ. ಬಿಡಿಸಿ ಬರೆ, ಬಿಡಿಸಿ ಬರೆ ಎಂದು ಬಡಕೊಳ್ಳುತ್ತಿದ್ದೆ. ಈಗ ನಿನ್ನ ಕಾಪಿ ನೋಡುವವರು ಯಾರೂ ಇಲ್ಲ. ನೀನೇ ನೋಡಿಕೊಳ್ಳಬೇಕು.

ಮೆಷಿನ್ನು ಹಾಕಿಕೊಂಡರೆ ಎದುರುಮನೆಯ ಧಾರಾವಾಹಿಯೆಲ್ಲ ಕೇಳಿಸುತ್ತದೆ. ಅದು ಡಬ್ಬಿಯಲ್ಲೇ ಇರಲಿ.

ಅಮ್ಮಣ್ಣಿ


ಪೀಣ್ಯ
16 ಆಗಸ್ಟ್ 2024

ಮೇಡಂ,

ಗಡಿಬಿಡಿಯಲ್ಲಿದ್ದೇನೆ, ಎರಡೇ ಸಾಲು. ಇವತ್ತು ವರಮಹಾಲಕ್ಷ್ಮಿ. ರಿಸೆಪ್ಷನ್ನಿನಲ್ಲಿ ಲಕ್ಷ್ಮಿಗೆ ಕಂಪನಿಯ ಬಣ್ಣದ ಸೀರೆ ಉಡಿಸಿ ಕೂರಿಸಿದ್ದಾರೆ. ಹೆಡ್ ಆಫೀಸಿನಿಂದ ನನಗೆ ಮೊದಲ ಸಲ ಶಹಬ್ಬಾಸ್ ಬಂತು. ಯಾವುದಕ್ಕೆ ಎಂದು ಕೇಳಬೇಡಿ, ಹೇಳುವಷ್ಟು ದೊಡ್ಡ ವಿಷಯವಲ್ಲ. ಆರೋಗ್ಯ ನೋಡಿಕೊಳ್ಳಿ.

ವಾದಿರಾಜ


ಬಳ್ಳಾರಿ
26 ಆಗಸ್ಟ್ 2024

ವಾದಿ,

ಪತ್ರಿಕೆಯ ಬೆಂಗಳೂರು ಆವೃತ್ತಿಯನ್ನು ಸುಕೃತಿಯ ಟ್ಯಾಬಿನಲ್ಲಿ ದೊಡ್ಡದು ಮಾಡಿ ಓದುತ್ತೇನೆ. ಓದಿ ಬಿ.ಪಿ. ಏರಿಸಿಕೊಳ್ಳುತ್ತೇನೆ. ನಿನ್ನ ನಂದೀಶನ ಹೆಸರಿನಲ್ಲಿ ಬಂದದ್ದು ನೋಡು:

'ಪೀಣ್ಯದ ಖಾಸಗಿ ಕಾರ್ಖಾನೆಯೊಂದರಲ್ಲಿ ಸೋಮವಾರ ರಾಸಾಯನಿಕದ ಪೈಪ್‌ನಲ್ಲಿ ಸೋರಿಕೆ ಕಾಣಿಸಿಕೊಂಡಿದ್ದು, ಯಾವುದೇ ಸಾವು-ನೋವು ಸಂಭವಿಸಿಲ್ಲ. ಮುನ್ನೆಚ್ಚರಿಕೆ ಕ್ರಮವಾಗಿ ಮಹಿಳಾ ಸಿಬ್ಬಂದಿಯೊಬ್ಬರನ್ನು ಆಸ್ಪತ್ರೆಗೆ ದಾಖಲಿಸಲಾಗಿದೆ.'

ನೋವೇ ಆಗದವಳು ಆಸ್ಪತ್ರೆಗೆ ಏಕೆ ಹೋದಳು, ಕಾಫಿ ಕುಡಿಯಲಿಕ್ಕಾ? ಯಾವ ಕಾರ್ಖಾನೆ, ಯಾರು ಆ ಹೆಂಗಸು, ಪೆಟ್ಟು ಎಲ್ಲಿಗೆ? ಒಂದೂ ಇಲ್ಲ. ಸಾವಿಲ್ಲ ಎಂದು ಬರೆಯಲು ಹೊರಟವನ ಕೈ ಅಭ್ಯಾಸಬಲದಿಂದ ನೋವನ್ನೂ ಎಳೆದುಕೊಂಡು ಬಂದು, ಅದನ್ನೂ ಇಲ್ಲವೆಂದುಬಿಟ್ಟಿದೆ. ನೀನು ಅಲ್ಲೇ ಇದ್ದೀಯಲ್ಲ, ಆ ಹುಡುಗನ ಕಿವಿ ಹಿಂಡು. ನಿಮ್ಮ ಅಕ್ಕಪಕ್ಕದ ಕಾರ್ಖಾನೆಯೇ ಇರಬೇಕು, ಆ ಹೆಂಗಸು ಹೇಗಿದ್ದಾಳೆ ಎಂದು ವಿಚಾರಿಸಿ ಬರೆ.

ಅಮ್ಮಣ್ಣಿ


ಪೀಣ್ಯ
20 ಸೆಪ್ಟೆಂಬರ್ 2024

ಮೇಡಂ,

ತಡವಾಯಿತು, ಕ್ಷಮಿಸಿ. ನಂದೀಶನಿಗೆ ಹೇಳಿದ್ದೇನೆ. ಹುಡುಗ, ಕಲಿಯುತ್ತಾನೆ.

ನನ್ನ ಕಷ್ಟ ಕೇಳಿ. ಗುರುಗ್ರಾಮದ ಹೆಡ್ ಆಫೀಸಿನಿಂದ ಇಂಗ್ಲಿಷ್ ಬರುತ್ತದೆ, ನಾನು ಅದನ್ನು ಕನ್ನಡ ಮಾಡಬೇಕು. 'ಅಪಘಾತ' ಅನ್ನಬಾರದು, 'ಘಟನೆ' ಅನ್ನಬೇಕು. ಈಗ 'ಘಟನೆ'ಯೂ ಜಾಸ್ತಿಯಾಯಿತಂತೆ, 'ಸನ್ನಿವೇಶ' ಅನ್ನಬೇಕಂತೆ. ಜನರನ್ನು ಕೆಲಸದಿಂದ ತೆಗೆದರೆ ಅದು 'ಮರುಹೊಂದಾಣಿಕೆ'. ಇವರ ಮನೆಗೆ ಬೆಂಕಿ ಬಿದ್ದರೂ 'ಬೆಳಕಿನ ಸನ್ನಿವೇಶ' ಅನ್ನುತ್ತಾರೋ ಏನೋ. ಬರೆದದ್ದನ್ನು ಐದು ಜನ ನೋಡುತ್ತಾರೆ, ಐವರಿಗೂ ಕನ್ನಡ ಬರುವುದಿಲ್ಲ. 'ಸೌಂಡ್ಸ್ ಗುಡ್' ಎಂದು ವಾಪಸು ಕಳಿಸುತ್ತಾರೆ. ಸದ್ದು ಕೇಳಿಯೇ ಅರ್ಥ ಹೇಳುವ ಪಂಡಿತರು.

ಮನೆಗೆ ಬಂದರೆ ಅಮ್ಮ, 'ನಿನ್ನ ಹೆಸರು ಪೇಪರಲ್ಲಿ ಕಾಣ್ತಾನೇ ಇಲ್ವಲ್ಲೋ' ಅನ್ನುತ್ತಾರೆ. ಸಿಟ್ಟು ಬರುತ್ತದೆ ಮೇಡಂ. ಯಾರ ಮೇಲೆ ಎಂದು ಗೊತ್ತಾಗುತ್ತಿಲ್ಲ.

ವಾದಿರಾಜ


ಬಳ್ಳಾರಿ
7 ಅಕ್ಟೋಬರ್ 2024

ವಾದಿರಾಜ,

ಎಲ್ಲ ಬರೆದೆ, ಆ ಹೆಂಗಸಿನ ಬಗ್ಗೆ ಒಂದು ಮಾತೂ ಬರೆಯಲಿಲ್ಲ. ಅದಕ್ಕೆ ನಿನಗೆ ತಿಳಿಸದೆ ನಾನೇ ನಂದೀಶನಿಗೆ ಕಾಗದ ಹಾಕಿದೆ. ಉತ್ತರ ಬಂತು. 'ಮೇಡಂ, ಅದು ವಾದಿರಾಜ್ ಸಾರ್ ಅವರ ಫ್ಯಾಕ್ಟರೀದೇ. ಅವರೇ ಬರೆದು ಕಳಿಸಿದ್ದು. ನನಗೆ ಕೆಲಸ ಕಲಿಸಿದವರು, ಅವರ ಕಾಪಿ ಮುಟ್ಟೋಕೆ ನಾನ್ಯಾರು?' ಅವನ ಕಿವಿಯನ್ನು ಯಾರೂ ಹಿಂಡಿಲ್ಲವಂತೆ.

ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ.

ಆ ಹೆಂಗಸಿನ ಹೆಸರೇನು?

ಅಮ್ಮಣ್ಣಿ


ಜಾಲಹಳ್ಳಿ
3 ನವೆಂಬರ್ 2024

ಮೇಡಂ,

ಅವಳ ಹೆಸರು ವನಜಾ. ಲೇಪ ಕೊಡುವ ಪ್ಲೇಟಿಂಗ್ ವಿಭಾಗದಲ್ಲಿ ಕಂಟ್ರಾಕ್ಟಿನ ಮೇಲೆ ಕೆಲಸ ಮಾಡುತ್ತಿದ್ದಳು. ಆಸಿಡ್ ಪೈಪು ಒಡೆದಾಗ ಅದರ ಎದುರಿಗೇ ಇದ್ದಳು. ಎಡಗಣ್ಣು ಹೋಗಿದೆ. ಇಷ್ಟನ್ನು ನಿಮಗೆ ಬರೆಯಲು ನನಗೆ ಇಷ್ಟು ದಿನ ಬೇಕಾಯಿತು.

ಹೆಡ್ ಆಫೀಸಿನ ಇಂಗ್ಲಿಷಿನಲ್ಲಿ ಇದ್ದದ್ದು 'ಜೀವಹಾನಿ ಆಗಿಲ್ಲ' ಎಂಬ ಅರ್ಥದ ಮಾತು ಮಾತ್ರ. ಅದು ನಿಜವೇ. ಅವತ್ತು ಗೇಟಿನ ಹೊರಗೆ ಟಿ.ವಿ.ಯವರು ಕೂಗಾಡುತ್ತಿದ್ದರು, ನಂದೀಶನದು ಮೆಸೇಜಿನ ಮೇಲೆ ಮೆಸೇಜು. ನನ್ನ ಬೆರಳು ತಾನೇ ತಾನಾಗಿ 'ಸಾವು-ನೋವು ಸಂಭವಿಸಿಲ್ಲ' ಎಂದು ಹೊಡೆದುಬಿಟ್ಟಿತು. ಸುಳ್ಳು ಬರೆ ಎಂದು ಯಾರೂ ಹೇಳಲಿಲ್ಲ ಮೇಡಂ. ಹೇಳಿದ್ದರೆ ಜಗಳವಾದರೂ ಆಡುತ್ತಿದ್ದೆನೇನೋ. ನಿಮ್ಮ ಕಾಗದದಲ್ಲಿ 'ಅಭ್ಯಾಸಬಲ' ಎಂದು ಓದಿದಾಗ ಅದು ನನ್ನದೇ ಕೈ ಎಂದು ಗೊತ್ತಿತ್ತು. ಆದರೂ ನಂದೀಶನ ಹೆಸರಿನ ಹಿಂದೆ ಅಡಗಿಕೊಂಡೆ. ನಾಚಿಕೆಯಾಗುತ್ತಿದೆ.

ಈಗ ಅದು ಬರೀ ಕಾಪಿಯ ತಪ್ಪಾಗಿ ಉಳಿದಿಲ್ಲ. ವನಜಾ ಪರಿಹಾರಕ್ಕೆ ಅರ್ಜಿ ಹಾಕಿದ್ದಾಳೆ. ವಿಚಾರಣೆಯಲ್ಲಿ ಕಂಟ್ರಾಕ್ಟರು ಪತ್ರಿಕೆಯ ಕಟಿಂಗ್ ತೋರಿಸಿದ್ದಾನೆ. ಅವತ್ತು ಯಾರಿಗೂ ನೋವೇ ಆಗಿಲ್ಲ, ಆಸ್ಪತ್ರೆಗೆ ಸೇರಿಸಿದ್ದು ಬರೀ ಮುನ್ನೆಚ್ಚರಿಕೆಗೆ, ಇವಳ ಕಣ್ಣು ಮೊದಲೇ ಕೆಟ್ಟಿತ್ತು ಎಂದು ಅವನ ವಾದ.

ಮೊನ್ನೆ ರಾಜ್ಯೋತ್ಸವದ ದಿನ ಹಳದಿ-ಕೆಂಪು ಶಾಲು ಹೊದ್ದು ಗೇಟಿನ ಬಳಿ ಅತಿಥಿಗಳಿಗೆ ಕಾಯುತ್ತಿದ್ದೆ. ವನಜಾಳ ಗಂಡ ಅಂಜಿನಪ್ಪ ಅದೇ ಕಟಿಂಗಿನ ಜೆರಾಕ್ಸ್ ಹಿಡಿದು ಬಂದ.

'ಸಾರ್, ನೀವು ಪೇಪರ್‌ನಾಗೆ ಇದ್ದೋರಂತಲ್ಲ, ಒಸಿ ನೋಡಿ ಏಳಿ. ನಮ್ಮೆಂಗಸ್ರಿಗೆ ನೋವೇ ಆಗಿಲ್ಲ ಅಂತ ಬರ್ದವ್ರೆ. ಆಸ್ಪತ್ರೆಯಾಗೆ ಅವ್ಳು ಕಿರಿಚ್ಕೋತಿದ್ದಾಗ ಇದನ್ನ ಬರ್ದೋರು ಎಲ್ಲಿದ್ರು ಸಾರ್?'

'ಬರ್ದಿದ್ದು ಯಾರು ಅಂತ ಗೊತ್ತಾ?' ಎಂದು ಕೇಳಿದೆ.

'ಯಾರೋ ಪುಣ್ಯಾತ್ಮ. ನಿಮ್ಗೆ ಗೊತ್ತಿದ್ರೆ ಏಳಿ, ಓಗಿ ಕಾಲು ಇಡ್ಕೋತೀನಿ. ಇನ್ನೊಂದ್ ಕಿತ ಸರಿಯಾಗಿ ಬರೀಲಿ.'

ನಾನು ಹೇಳಲಿಲ್ಲ. ಒಳಗೆ ಹೋಗಿ ಎಚ್.ಆರ್. ಮುಖ್ಯಸ್ಥ ಶ್ರೀಧರ್ ಅವರನ್ನು ಕಂಡು, ತಿದ್ದುಪಡಿ ಕಳಿಸೋಣ ಎಂದೆ. ಅವರು ಕಂಪ್ಯೂಟರಿನಿಂದ ಮುಖ ಎತ್ತಲಿಲ್ಲ. 'ಇಂಗ್ಲಿಷ್ ವರ್ಷನ್ ಕ್ಲೀನ್ ಆಗಿದೆ ಅಲ್ವಾ? ಲೀಗಲ್‌ನೋರು ನೋಡಿರೋದು ಅದನ್ನೇ. ಕನ್ನಡದ್ದು ನಿಮ್ದು. ಈಗ ಕರೆಕ್ಷನ್ ಕೊಟ್ರೆ ಕಂಪನಿ ಒಪ್ಕೊಂಡ ಹಾಗಾಗತ್ತೆ. ಸುಮ್ನಿರಿ ಸಾರ್, ಎಲ್ಲಾ ತಣ್ಣಗಾಗತ್ತೆ.'

ನಂದೀಶನನ್ನು ಕೇಳಿದೆ. 'ಸಾರ್, ನಾನಾಗೇ ತಿದ್ದುಪಡಿ ಹಾಕಿದ್ರೆ ನನ್ನ ಕೆಲ್ಸ ಹೋಗತ್ತೆ. ಕಂಪನಿ ಲೆಟರ್‌ಹೆಡ್‌ನಲ್ಲಿ ಕಳ್ಸಿ, ನಾಳೇನೇ ಹಾಕ್ತೀನಿ' ಅಂದ. ಲೆಟರ್‌ಹೆಡ್ ಶ್ರೀಧರ್ ಅವರ ಬೀರುವಿನಲ್ಲಿದೆ. ಅತ್ತ ದರಿ, ಇತ್ತ ಪುಲಿ. ತಪ್ಪು ಬರೆಯಲು ಯಾರ ಸಹಿಯೂ ಬೇಕಿರಲಿಲ್ಲ, ತಿದ್ದಲು ಎಲ್ಲರ ಸಹಿಯೂ ಬೇಕು. ನಾನೇನು ಮಾಡಲಿ?

ವಾದಿರಾಜ


ಬಳ್ಳಾರಿ
12 ನವೆಂಬರ್ 2024

ವಾದಿ,

ಲೆಟರ್‌ಹೆಡ್ ಕೇಳದ ಜಾಗ ಪತ್ರಿಕೆಯಲ್ಲಿ ಒಂದೇ ಇದೆ. ಓದುಗರ ಪತ್ರ. ಬೀದಿನಾಯಿ ಕಚ್ಚಿದವರು, ಪಿಂಚಣಿ ಬಾರದವರು ಬರೆಯುವ ಜಾಗ. ನೀನು ಅದನ್ನು ಎಂದೂ ಓದಿದವನಲ್ಲ. ನಿನ್ನ ಹೆಸರು, ವಿಳಾಸ ಹಾಕಿ ಬರೆ. 'ನೊಂದ ಓದುಗ' ಎಂದು ಬರೆದರೆ ನಾನೇ ಬಂದು ಹರಿದು ಹಾಕುತ್ತೇನೆ. ಉದ್ದ ಬೇಡ. ನಿನ್ನ ಪಶ್ಚಾತ್ತಾಪ ಬೇಡ, ಅದಕ್ಕೆ ಜಾಗವಿಲ್ಲ. ಆಗಿದ್ದೇನು, ಬರೆದದ್ದೇನು, ಬರೆದವನು ಯಾರು, ಅಷ್ಟೇ.

ಕೆಲಸ ಹೋಗುತ್ತದೆ. ಗೊತ್ತಿದ್ದೇ ಹೇಳುತ್ತಿದ್ದೇನೆ. ನಿನ್ನ ಮಗಳ ಫೀಸು ನಾನು ಕಟ್ಟುವವಳಲ್ಲ, ಹಾಗಾಗಿ ಬರೆಯಲೇಬೇಕು ಎಂದು ಹೇಳುವ ಹಕ್ಕು ನನಗಿಲ್ಲ. ಬರೆಯದಿದ್ದರೆ ನನಗೂ ಬರೆಯಬೇಡ, ಇಷ್ಟು ಹೇಳುವ ಹಕ್ಕಿದೆ.

ಅದಕ್ಕೂ ಮೊದಲು ಆ ಅಂಜಿನಪ್ಪನಿಗೆ ಹೇಳು. ಅವನು ಅದನ್ನು ಪೇಪರಿನಲ್ಲಿ ನೋಡಿ ತಿಳಿಯಬಾರದು.

ಅಮ್ಮಣ್ಣಿ


ಜಾಲಹಳ್ಳಿ
9 ಡಿಸೆಂಬರ್ 2024

ಮೇಡಂ,

ಅಂಜಿನಪ್ಪನಿಗೆ ಹೇಳಿದೆ. ಹೊಡೆಯುತ್ತಾನೆ ಎಂದುಕೊಂಡೇ ಹೋಗಿದ್ದೆ. 'ನೀವಾ?' ಅಂದ. ಆಮೇಲೆ ವನಜಾಳನ್ನು ಕೂಗಿ, 'ಇವ್ರಂತೆ ಕಣಮ್ಮಿ' ಅಂದ. ಅವಳು ಒಳಗಿನಿಂದ ಬಂದು ನೋಡಿ, ಮತ್ತೆ ಒಳಗೆ ಹೋದಳು. ಹೊಡೆದಿದ್ದರೆ ಚೆನ್ನಾಗಿತ್ತು.

ಪತ್ರ ಕಳಿಸಿ ಎಷ್ಟೋ ದಿನವಾಯಿತು, ಇನ್ನೂ ಬಂದಿಲ್ಲ. ಪಾರ್ಕಿನ ಬೆಂಚು ಮುರಿದದ್ದು ಬಂತು, ಬಸ್ಸಿನಲ್ಲಿ ಚಿಲ್ಲರೆ ಕೊಡದ್ದು ಬಂತು, ವಿಮಾನಪಡೆಯ ಗೋಡೆ ಪಕ್ಕ ಕಸ ಸುರಿಯುವುದು ಎರಡು ಸಲ ಬಂತು. ದಿನಾ ಬೆಳಗ್ಗೆ ಬೈಯುತ್ತಲೇ ಪೇಪರು ತೆರೆಯುತ್ತೇನೆ. ನಾನು ಬರೆದದ್ದು ಇದು, ತಪ್ಪಿದ್ದರೆ ಹೇಳಿ:

'ಆಗಸ್ಟ್‌ನಲ್ಲಿ ಪೀಣ್ಯದ ಕಾರ್ಖಾನೆಯಲ್ಲಿ ಪೈಪ್ ಒಡೆದಾಗ ಯಾವುದೇ ಸಾವು-ನೋವು ಸಂಭವಿಸಿಲ್ಲ ಎಂದು ಈ ಪತ್ರಿಕೆಯಲ್ಲಿ ಪ್ರಕಟವಾಗಿತ್ತು. ಸಾವು ಸಂಭವಿಸಿಲ್ಲ ಎಂಬುದಷ್ಟೇ ನಿಜ. ನೋವು ಸಂಭವಿಸಿದೆ. ವನಜಾ ಎಂಬ ಕಾರ್ಮಿಕರು ಎಡಗಣ್ಣು ಕಳೆದುಕೊಂಡಿದ್ದಾರೆ. ಆ ವಾಕ್ಯ ಬರೆದವನು ಅದೇ ಕಾರ್ಖಾನೆಯ ಪತ್ರಿಕಾ ಅಧಿಕಾರಿಯಾದ ನಾನು. - ವಾದಿರಾಜ, ಜಾಲಹಳ್ಳಿ.'

ನಿಮ್ಮ,
ವಾದಿರಾಜ


ಜಾಲಹಳ್ಳಿ
27 ಡಿಸೆಂಬರ್ 2024

ಮೇಡಂ,

ಬಂತು. ನೀವೂ ನೋಡಿರುತ್ತೀರಿ. ತಿರುಪತಿ ಕ್ಷೌರ ಮಾಡಿದ್ದಾರೆ. ಕೆಳಗೆ ಜಾಹೀರಾತಿಗೆ ಜಾಗ ಬೇಕಿತ್ತಂತೆ, 'ನೋವು ಸಂಭವಿಸಿದೆ' ಎಂಬಲ್ಲಿಂದ ಕಣ್ಣಿನವರೆಗೆ ಕತ್ತರಿಸಿದ್ದಾರೆ. 'ಸಾವು ಸಂಭವಿಸಿಲ್ಲ ಎಂಬುದಷ್ಟೇ ನಿಜ. ಆ ವಾಕ್ಯ ಬರೆದವನು ಅದೇ ಕಾರ್ಖಾನೆಯ ಪತ್ರಿಕಾ ಅಧಿಕಾರಿಯಾದ ನಾನು.' ಉಳಿದದ್ದು ಇಷ್ಟೇ. ಮೇಲಿನ ಶೀರ್ಷಿಕೆ: 'ಪೀಣ್ಯ: ಸಾವು-ನೋವು ಇಲ್ಲ'.

ನನ್ನ ಹೆಸರಿಗೆ, ಹುದ್ದೆಗೆ ಮಾತ್ರ ಕತ್ತರಿ ಬಿದ್ದಿಲ್ಲ. ಶ್ರೀಧರ್ ಅಂದೇ ಕರೆದರು. ನನ್ನನ್ನು ಮರುಹೊಂದಾಣಿಕೆ ಮಾಡಿದ್ದಾರೆ. ಕನ್ನಡದಲ್ಲಿ ಅದಕ್ಕೆ ಏನೆನ್ನುತ್ತಾರೆ ಎಂದು ನಿಮಗೆ ಗೊತ್ತಲ್ಲ.

ಕೆಲಸವೂ ಹೋಯಿತು, ತಿದ್ದುಪಡಿಯೂ ಆಗಲಿಲ್ಲ. ಕಂಟ್ರಾಕ್ಟರನ ಕೈಗೆ ಇನ್ನೊಂದು ಕಟಿಂಗ್ ಕೊಟ್ಟ ಹಾಗಾಯಿತು. ನಿಮ್ಮ ಮಾತು ಕೇಳಿ ಕೆಟ್ಟೆ ಎಂದು ಬರೆಯಬೇಕು ಎಂದುಕೊಂಡಿದ್ದೆ, ಬರೆದೇ ಬಿಟ್ಟಿದ್ದೇನೆ. ಗೀಟು ಹೊಡೆದು ಹಾಕುವುದಿಲ್ಲ, ಇರಲಿ.

ವಾದಿರಾಜ


ಬಳ್ಳಾರಿ
6 ಜನವರಿ 2025

ವಾದಿ,

ಆ ಶೀರ್ಷಿಕೆ ನೋಡಿ ಟ್ಯಾಬನ್ನು ಕಿಟಕಿಯಿಂದ ಎಸೆಯುವವಳಿದ್ದೆ, ಸುಕೃತಿ ಕಿತ್ತುಕೊಂಡಳು. ಆ ಮೇಜಿನ ಮುಂದೆ ನನ್ನ ಕಣ್ಣು, ಕಿವಿ, ಸೊಂಟ ಎಲ್ಲ ಸವೆಸಿದ್ದೇನೆ. ಸಂಪಾದಕರಿಗೆ ಬರೆದೆ. ಉತ್ತರವಿಲ್ಲ.

ನನ್ನನ್ನು ಬೈದದ್ದು ಸರಿ. ಪತ್ರಿಕೆಯ ಮೇಲೆ ನನಗೆ ಇನ್ನೂ ನಂಬಿಕೆ ಇತ್ತು, ಆ ನಂಬಿಕೆಗೆ ನೀನು ದಂಡ ಕಟ್ಟಿದೆ. ನಿನ್ನ ಮೇಲೆ ಸಿಟ್ಟಿದೆ, ಹೆಮ್ಮೆಯೂ ಇದೆ. ಎರಡೂ ಜೋಡಿಯಾಗಿ ಬಂದಿವೆ, ನೀನೇ ಬಿಡಿಸಿ ಓದಿಕೋ.

ಕಾಗದ ಸಾಕು. ವಿಚಾರಣೆಗೆ ಹೋಗಿ ಬಾಯಿಬಿಟ್ಟು ಹೇಳು. ಈಗ ನಿನ್ನನ್ನು ತೆಗೆಯುವವರು ಯಾರೂ ಇಲ್ಲ.

ಅಮ್ಮಣ್ಣಿ


ಜಾಲಹಳ್ಳಿ
4 ಫೆಬ್ರವರಿ 2025

ಮೇಡಂ,

ನಿನ್ನೆ ವಿಚಾರಣೆಗೆ ಹೋಗಿದ್ದೆ. ಕಟಿಂಗನ್ನು ಇನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದು ಅಧಿಕಾರಿ ಹೇಳಿದರು. ಪರಿಹಾರ ಎಷ್ಟು, ಯಾವಾಗ, ಯಾರಿಗೂ ಗೊತ್ತಿಲ್ಲ. ಮತ್ತೆ ತಾರೀಕು ಕೊಟ್ಟಿದ್ದಾರೆ. ಆದರೆ ಅಲ್ಲಿ ನಡೆದದ್ದನ್ನು ನಿಮಗೆ ಹೇಳಲೇಬೇಕು.

ಹೇಳಿಕೆ ಬರೆದುಕೊಳ್ಳುವ ಗುಮಾಸ್ತ ನನ್ನನ್ನು ಕೂರಿಸಿಕೊಂಡು 'ವೃತ್ತಿ?' ಅಂದ. ಮೊದಲು ವರದಿಗಾರ, ಆಮೇಲೆ ಪತ್ರಿಕಾ ಅಧಿಕಾರಿ ಅಂದೆ. 'ಈಗ?' ಅಂದ. ಏನೂ ಇಲ್ಲ ಅಂದೆ. 'ಖಾಸಗಿ' ಎಂದು ಟೈಪು ಮಾಡಿಕೊಂಡ. ನಾನು ಬಿಡಿಸಿ ಬಿಡಿಸಿ ಹೇಳಿದೆ. ಯಾರೂ ಸಾಯಲಿಲ್ಲ, ಈ ಹೆಂಗಸಿಗೆ ಪೆಟ್ಟಾಯಿತು, ಆಗಿಲ್ಲ ಎಂದು ಬರೆದವನು ನಾನು. ಅವನು ಹೂಂಗುಟ್ಟುತ್ತಾ ಟೈಪು ಹೊಡೆದ. ಮುಗಿದ ಮೇಲೆ ಎಲ್ಲರಿಗೂ ಕೇಳುವಂತೆ ಓದಿದ:

'ಸದರಿ ದಿನ ಸದರಿ ಕಾರ್ಖಾನೆಯಲ್ಲಿ ಸಾವು-ನೋವು ಸಂಭವಿಸಿರುವುದು ನಿಜವೆಂದು ಸಾಕ್ಷಿದಾರರು ನುಡಿದಿರುತ್ತಾರೆ.'

ಕಂಟ್ರಾಕ್ಟರನ ವಕೀಲ ಎದ್ದು ನಿಂತ. 'ಸಾವಾ? ಯಾರ್ರೀ ಸತ್ತಿದ್ದು? ಸಾರ್, ಇವ್ರ ಮಾತು ನಂಬೋಕಾಗತ್ತಾ? ಅವತ್ತು ಒಂದು ಬರೀತಾರೆ, ಇವತ್ತು ಇನ್ನೊಂದು ಹೇಳ್ತಾರೆ.' ಅಂಜಿನಪ್ಪ ಗಾಬರಿಯಾಗಿ, 'ಅಯ್ಯೋ ಸಾಮಿ, ಅವ್ಳು ಬದ್ಕವ್ಳೆ! ಇಲ್ಲೇ ಕುಂತವ್ಳೆ ನೋಡಿ!' ಎಂದು ಕೂಗಿದ. ಹಿಂದೆ ಕೂತವರು ನಕ್ಕರು. ನಾನು ಎದ್ದು ಜೋಡಿ ಪದ, ಅಭ್ಯಾಸ, ಉಪಸಂಪಾದಕರು ಎಂದೆಲ್ಲ ವಿವರಿಸಲು ಹೊರಟೆ. ಯಾರಿಗೂ ಅರ್ಥವಾಗಲಿಲ್ಲ. ನನ್ನ ದನಿ ಏರಿತು. ಒಂದು ಪದ ನನ್ನನ್ನು ಹುಡುಕಿಕೊಂಡು ಇಲ್ಲಿಗೂ ಬಂದಿತಲ್ಲ ಎಂದು ಅಳು ಬರುವಷ್ಟು ರೋಸಿಹೋಗಿತ್ತು.

ಅಷ್ಟರಲ್ಲಿ ವನಜಾ ಬೆಂಚಿನಿಂದ ಎದ್ದು ಬಂದಳು. ನನ್ನ ಕಡೆ ನೋಡಲಿಲ್ಲ. ಗುಮಾಸ್ತನ ಮೇಜಿನ ಪಕ್ಕ, ತನ್ನ ಬಲಗಣ್ಣಿಗೆ ಅವನು ಕಾಣುವ ಕಡೆ ನಿಂತಳು.

'ಸಾರ್, ಸಾವು ತೆಗೀರಿ. ನೋವು ಇರ್ಲಿ.'

ಗುಮಾಸ್ತ ಹಾಗೇ ತಿದ್ದಿದ. ನಾನು ಓದಿ ನೋಡಿ ಸಹಿ ಹಾಕಿದೆ.

ನಿಮ್ಮ,
ವಾದಿರಾಜ